ಕೋಶವೇ ಇಲ್ಲದ ವೆಲ್ ನೇರಳೆಯಾಯಿತು

ಲ್ಯಾಬಿನ ಪ್ಲೇಟಿನಲ್ಲಿರುವ ವೆಲ್ ಎಂಬ ಪುಟ್ಟ ಗುಳಿಗಳಲ್ಲಿ ಕೋಶ ಬೆಳೆಸಿ, ವಿಷ ಹಾಕಿ, ಮದ್ದು ಅವನ್ನು ಉಳಿಸುತ್ತದಾ ಅಂತ ಪರೀಕ್ಷೆ ಮಾಡುತ್ತಿದ್ದೆ. ಪ್ಲೇಟ್ ನೋಡಿದವನೇ ಕುಣಿದಾಡಿಬಿಟ್ಟೆ. ಒಂದೆಲಗದ ಸಾರ ಹಾಕಿದ ವೆಲ್‌ಗಳೆಲ್ಲ ಕಡು ನೇರಳೆ! ಎಂಟಿಟಿ ಅನ್ನೋ ಹಳದಿ ದ್ರಾವಣ ಹಾಕಿದರೆ ಬದುಕಿರುವ ಕೋಶಗಳು ಅದನ್ನು ನೇರಳೆ ಮಾಡುತ್ತವೆ. ಬಣ್ಣ ಗಾಢವಾದಷ್ಟೂ ಬದುಕಿದ್ದು ಜಾಸ್ತಿ ಅಂತ ಲೆಕ್ಕ. ಅಮ್ಮ ತಂಬುಳಿ ಮಾಡುವ ಸೊಪ್ಪು ಪಾರ್ಕಿನ್ಸನ್ ಕಾಯಿಲೆಗೆ ಮದ್ದಾಗಿಬಿಟ್ಟಿತು ಅಂದುಕೊಂಡೆ.

ಕೋಶಗಳಿಗೆ ನಾನು ಕೊಟ್ಟಿದ್ದ ವಿಷ ಎಂಪಿಪಿ-ಪ್ಲಸ್. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಕಲಿ ಹೆರಾಯಿನ್ ಚುಚ್ಚಿಕೊಂಡ ಕೆಲವರು ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿಹೋದರಲ್ಲ, ಆ ಹೆರಾಯಿನ್ನಿನಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ಕಲ್ಮಶದಿಂದ ಅವರ ಮಿದುಳಿನಲ್ಲಿ ಹುಟ್ಟಿದ್ದು ಇದೇ. ಇದು ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯವನ್ನು ಕೆಡಿಸುತ್ತದೆ. ಅಲ್ಲಿಂದ ಸೈಟೋಕ್ರೋಮ್-ಸಿ ಎಂಬ ಪ್ರೋಟೀನ್ ಸೋರುತ್ತದೆ. ಆಗ ಕ್ಯಾಸ್ಪೇಸ್ ಎಂಬ ಕತ್ತರಿಗಳಿಗೆ ಎಚ್ಚರವಾಗಿ, ಕೋಶ ತನ್ನನ್ನು ತಾನೇ ಕತ್ತರಿಸಿಕೊಂಡು ಸಾಯುತ್ತದೆ.

ಗೈಡ್ ಮೇಡಂ ಕೇಳಿದ್ದು ಒಂದೇ ಮಾತು. "ಕೋಶ ಇಲ್ಲದ ವೆಲ್ ಇಟ್ಟಿದ್ಯಾ?" ಇಟ್ಟಿರಲಿಲ್ಲ. ಮಾರನೇ ದಿನ ಇಟ್ಟೆ. ಬರೀ ಸಾರ ಮತ್ತು ಎಂಟಿಟಿ. ಅದೂ ನೇರಳೆ! ಸಾರದಲ್ಲಿದ್ದ ಆಂಟಿಆಕ್ಸಿಡೆಂಟ್‌ಗಳೇ ಬಣ್ಣ ತಿರುಗಿಸಿದ್ದವು. ನಾಲ್ಕು ತಿಂಗಳ ಕೆಲಸ ನೀರುಪಾಲು.

ಒಂದೆಲಗ ಪಕ್ಕಕ್ಕಿಟ್ಟು, ಕ್ಯಾಸ್ಪೇಸ್‌ಗಳನ್ನು ಕಟ್ಟಿಹಾಕುವ ಝಡ್-ವ್ಯಾಡ್ ಎಂಬ ರಾಸಾಯನಿಕ ಹಿಡಿದೆ. ಈ ಸಲ ಎಂಟಿಟಿಯ ಬಣ್ಣ ನಂಬದೆ, ಡಿಎನ್ಎಗೆ ಅಂಟಿ ಹೊಳೆಯುವ ಹೋಕ್ಸ್ಟ್ ಹಾಕಿ ಮೈಕ್ರೋಸ್ಕೋಪಿನಲ್ಲಿ ಎಣಿಸಿದೆ. ಸಾಯುತ್ತಿರುವ ಕೋಶದ ನ್ಯೂಕ್ಲಿಯಸ್ ಒಡೆದ ಬಳೆಚೂರಿನ ಹಾಗೆ ನೀಲಿಯಾಗಿ ಹೊಳೆಯುತ್ತದೆ. 24 ಗಂಟೆಗೆ ನೋಡಿದರೆ ಚೂರಾದವು ಬಹಳ ಕಮ್ಮಿ. ಆದರೆ ಕೋಶಗಳ ಬಾಲದಂಥ ಎಳೆಗಳೆಲ್ಲ ಮುದುಡಿಹೋಗಿದ್ದವು. 48 ಗಂಟೆಗೆ ಊದಿಕೊಂಡು ಒಡೆದೇ ಹೋದವು. ಕತ್ತರಿ ಕಿತ್ತುಕೊಂಡೆ ನಿಜ, ಮೈಟೊಕಾಂಡ್ರಿಯ ಮೊದಲೇ ಕೆಟ್ಟಿತ್ತಲ್ವಾ? ಶಕ್ತಿ ಸಾಲದೆ ಬೇರೆ ದಾರಿಯಲ್ಲಿ ಸತ್ತವು. (ಇವೂ ಅಸಲಿ ನರಕೋಶಗಳಲ್ಲ, ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆಯಿಂದ ಬಂದ ಎಸ್‌ಎಚ್-ಎಸ್‌ವೈ5ವೈ ಕೋಶಗಳು. ಅದು ಇನ್ನೊಂದು ತಲೆನೋವು.)

ಇಷ್ಟಕ್ಕೂ ನಾನು ಮದ್ದು ಹಾಕುತ್ತಿದ್ದದ್ದು ವಿಷಕ್ಕಿಂತ ಒಂದು ಗಂಟೆ ಮೊದಲು. ರೋಗಿಯ ಕೈ ನಡುಗಲು ಶುರುವಾಗುವ ಹೊತ್ತಿಗೆ ಎಷ್ಟೋ ನರಕೋಶಗಳು ಹೋಗಿಯೇ ಆಗಿರುತ್ತವೆ. ಸಿಇಪಿ-1347 ಎಂಬ ಮದ್ದು ಲ್ಯಾಬಿನಲ್ಲಿ ಕೋಶಗಳನ್ನು ಚೆನ್ನಾಗಿಯೇ ಉಳಿಸಿತ್ತು. ಆದರೆ 806 ರೋಗಿಗಳ ಮೇಲೆ ನಡೆದ ಪರೀಕ್ಷೆಯನ್ನು ಪ್ರಯೋಜನ ಕಾಣದೆ 2005ರಲ್ಲಿ ನಿಲ್ಲಿಸಿದರು.

ಈಗ ವಿಷ ಹಾಕಿ ಆರು ಗಂಟೆಯಾದ ಮೇಲೆ ಮದ್ದು ಹಾಕುತ್ತೇನೆ. ಗ್ರಾಫ್ ಮೊದಲಿನಷ್ಟು ಚೆಂದ ಬರುತ್ತಿಲ್ಲ. ಕೋಶ ಇಲ್ಲದ ಮೂರು ವೆಲ್ ಮಾತ್ರ ಪ್ರತಿ ಪ್ಲೇಟಿನಲ್ಲೂ ಇರುತ್ತವೆ.