ಕುದುರೆ ಬಿಡಿಸಲು ಕೂತರೆ ದನವೇ ಬರುತ್ತದೆ

ಶಿರಸಿ, ಸಿದ್ದಾಪುರದ ಬದಿಯವರ ಕೈಗೆ ದನದ ಆಕಾರ ಚೆನ್ನಾಗಿ ಗೊತ್ತು, ಕೊಟ್ಟಿಗೆಯಲ್ಲಿ ದಿನಾ ಕಾಣುವ ಪ್ರಾಣಿ. ಕುದುರೆ ಹಾಗಲ್ಲ. ವಿಜಯನಗರದ ಕಾಲಕ್ಕೆ ಭಟ್ಕಳ ಬಂದರಿನಲ್ಲಿ ಅರಬ್ಬಿ ಕುದುರೆಗಳು ಇಳಿಯುತ್ತಿದ್ದವು ನಿಜ, ಆದರೆ ಈಗ ನೋಡಿ ಕಲಿಯೋಣವೆಂದರೆ ಹುಡುಕಬೇಕು. ಹಾಗಾಗಿ ಹೊಸಬರ ಕುದುರೆಗೆ ಹೊಟ್ಟೆ ಜೋತುಬೀಳುತ್ತದೆ, ಕತ್ತು ಬೆನ್ನಿನ ಮಟ್ಟಕ್ಕೆ ಇಳಿಯುತ್ತದೆ, ಗಂಗೆದೊಗಲಿನಂಥದ್ದೂ ಒಂದು ನೇತಾಡುತ್ತದೆ. ಈ ದನವನ್ನು ಓಡಿಸಲು ನನಗೆ ಒದಗಿದ್ದು ಅಳತೆ.

ಅಳತೆಗೋಲು ಕುದುರೆಯ ತಲೆಯೇ. ನೆತ್ತಿಯಿಂದ ಮೂತಿಯ ತುದಿವರೆಗೆ ಒಂದು ತಲೆ ಎಂದಿಟ್ಟುಕೊಂಡರೆ, ಎದೆಯ ಮುಂಭಾಗದಿಂದ ಪೃಷ್ಠದ ಹಿಂಭಾಗಕ್ಕೆ ಸುಮಾರು ಎರಡೂವರೆ ತಲೆ. ಹೆಗಲಿನಿಂದ ನೆಲಕ್ಕೂ ಅಷ್ಟೇ. ಅಂದರೆ ಕತ್ತು ತಲೆ ಬಿಟ್ಟರೆ ಉಳಿದದ್ದು ಒಂದು ಚೌಕ. ಎ4 ಹಾಳೆಯನ್ನು ಅಡ್ಡಲಾಗಿಟ್ಟು ತಲೆಗೆ 5 ಸೆಂ.ಮೀ. ಹಿಡಿದರೆ ಚೌಕದ ಬದಿ 12.5 ಸೆಂ.ಮೀ. ಇದನ್ನು 2ಎಚ್ ಪೆನ್ಸಿಲ್‌ನಲ್ಲಿ, ಒತ್ತದೆ ಎಳೆಯಬೇಕು. ಎಚ್‌ಬಿಯಲ್ಲಿ ಎಳೆದರೆ ಆಮೇಲೆ ಉಜ್ಜುವಾಗ ಗೆರೆ ಕಪ್ಪಗೆ ಹರಡುತ್ತದೆ.

ಚೌಕದ ಮೇಲಿನ ಅರ್ಧದಲ್ಲಿ ಮುಂಡ, ಆಳ 6 ಸೆಂ.ಮೀ.ಗೆ ಒಂದು ಕೂದಲು ಕಡಿಮೆ. ಅದನ್ನು ಮೂರು ಸಮಪಾಲು ಮಾಡಿ: ಹೆಗಲು, ಪಕ್ಕೆಲುಬು, ಪೃಷ್ಠ. ಹಿಂದೆ ಮುಂದೆ ಎರಡು ಮೊಟ್ಟೆಯಾಕಾರ ಹಾಕಿ ನಡುವೆ ಕೂಡಿಸಿದರೆ ಸಾಕು. ಹೊಟ್ಟೆಯ ಗೆರೆ ಹಿಂದಕ್ಕೆ ಹೋದಂತೆ ಮೇಲೇರಬೇಕು, ದನದ್ದು ಕೆಳಗಿಳಿಯುತ್ತದೆ. ಎತ್ತಿಗೆ ಹಿಣಿಲು ಇರುವ ಜಾಗದಲ್ಲಿ ಕುದುರೆಗಿರುವುದು ಸಣ್ಣ ಉಬ್ಬು ಮಾತ್ರ. ಕತ್ತಿನ ಮೇಲ್ಗೆರೆ ಅಲ್ಲಿಂದಲೇ ಏಳುತ್ತದೆ, ಸುಮಾರು 7 ಸೆಂ.ಮೀ., ಓರೆಯಾಗಿ ಮೇಲಕ್ಕೆ. ಕೆಳಗೆರೆ ಅದಕ್ಕಿಂತ ಗಿಡ್ಡ. ಕಣ್ಣು ತಲೆಯ ಮೇಲಿನ ಮೂರನೇ ಒಂದು ಭಾಗದಲ್ಲಿ. ನಡುವಿಗೆ ಇಳಿಸಿದರೆ ಕುದುರೆ ಮರಿಯಾಗಿಬಿಡುತ್ತದೆ.

ಎಲ್ಲರೂ ಸೋಲುವುದು ಹಿಂಗಾಲಿನಲ್ಲಿ. ಹಿಂದಕ್ಕೆ ಮಡಚಿದ ಮೊಣಕಾಲಿನಂತೆ ಕಾಣುವ ಗಂಟು ಮೊಣಕಾಲಲ್ಲ, ನಮ್ಮ ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಅಂಚಿಗೆ ಹತ್ತಿಕೊಂಡಿದೆ. ಮುಂಗಾಲಿನ ‘ಮೊಣಕಾಲು’ ಕೂಡ ನಮ್ಮ ಮಣಿಕಟ್ಟು. ಕುದುರೆ ಪ್ರತಿ ಕಾಲಿನಲ್ಲೂ ಒಂದೇ ಬೆರಳಿನ ತುದಿಯ ಮೇಲೆ ನಿಂತಿದೆ. ಗೊರಸು ಅದರ ಉಗುರು, ಅದಕ್ಕೇ ಸೀಳಿಲ್ಲ. ನೀವೇ ತುದಿಗಾಲಲ್ಲಿ ನಿಂತು ಸ್ವಲ್ಪ ಬಗ್ಗಿ, ಹಿಮ್ಮಡಿ ಎಲ್ಲಿ ಏಳುತ್ತದೆ ನೋಡಿ. ಮನೆಯವರು ನಗಲಿ ಬಿಡಿ.

ಹಾಳೆಯ ಮೇಲೆ: ಮಣಿಕಟ್ಟು ನೆಲದಿಂದ 3.5–4 ಸೆಂ.ಮೀ., ಹಿಮ್ಮಡಿಯ ತುದಿ ಸುಮಾರು 5. ಎರಡನ್ನೂ ಒಂದೇ ಎತ್ತರಕ್ಕೆ ಇಟ್ಟರೆ ಕುದುರೆ ಮೇಜಿನಂತೆ ನಿಲ್ಲುತ್ತದೆ. ನಿಂತ ಕುದುರೆಗೆ ಪೃಷ್ಠದ ತುದಿಯಿಂದ ನೇರ ಕೆಳಗೆ ಗೆರೆ ಎಳೆದರೆ ಅದು ಹಿಮ್ಮಡಿಯನ್ನು ಮುಟ್ಟಿ ಕಾಲಿನ ಹಿಂಬದಿಗುಂಟ ಇಳಿಯಬೇಕು. ಗೊರಸಿನ ಮೇಲಿನ ತುಂಡು ಸುಮಾರು 50 ಡಿಗ್ರಿ ಓರೆ, ಗೊರಸಿನ ಮುಂಭಾಗದ್ದೂ ಅದೇ ಓರೆ. ಇದು ಬಾರದವರು ಕಾಲಬುಡಕ್ಕೆ ಹುಲ್ಲು ಬರೆದು ಮುಚ್ಚುತ್ತಾರೆ. ಹತ್ತು ಚಿತ್ರವಾದರೂ ಹುಲ್ಲಿಲ್ಲದೆ ಬಿಡಿಸಿ.

ಮಾದರಿಯ ವಿಷಯ. ವೀರಗಲ್ಲಿನ ಕುದುರೆಯಿಂದ ಅಳತೆ ತೆಗೆಯಬೇಡಿ. ಅಲ್ಲಿ ಸವಾರನೇ ಮುಖ್ಯ, ಕುದುರೆ ಎಷ್ಟೋ ಸಲ ಗಿಡ್ಡ. ಫೋಟೋವಾದರೆ ದೂರದಿಂದ, ಎಂಟು ಹತ್ತು ಮೀಟರ್ ಹಿಂದೆ ನಿಂತು ಪಕ್ಕದಿಂದ ತೆಗೆದದ್ದಿರಲಿ. ಮೊಬೈಲ್ ಹಿಡಿದು ಮೂತಿಯ ಹತ್ತಿರ ನಿಂತರೆ ತಲೆ ದೊಡ್ಡದಾಗಿ ಲೆಕ್ಕವೆಲ್ಲ ತಪ್ಪುತ್ತದೆ.

ನಡಿಗೆ ಬಿಡಿಸುವಾಗ ಕಾಲು ಏಳುವ ಕ್ರಮ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ನಾಗಾಲೋಟದಲ್ಲಿ ನಾಲ್ಕೂ ಕಾಲು ನೆಲ ಬಿಡುವುದು ಚಾಚಿಕೊಂಡಾಗಲ್ಲ, ಹೊಟ್ಟೆಯ ಕೆಳಗೆ ಒಟ್ಟಾದಾಗ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ಸರಣಿ ಫೋಟೋಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಹಳೆಯ ವರ್ಣಚಿತ್ರಗಳ ಹಾರುವ ಕುದುರೆಗಳನ್ನು ನಕಲು ಮಾಡಿದರೆ ಆ ತಪ್ಪೂ ಜೊತೆಗೇ ಬರುತ್ತದೆ.

ಮಳೆಗಾಲದ್ದು ಬೇರೆ ಗೋಳು. ಜೂನ್‌ನಿಂದ ಆಗಸ್ಟ್‌ವರೆಗೆ ಕರಾವಳಿಯಲ್ಲಿ ಹಾಳೆ ಥಂಡಿ ಹಿಡಿದು ಮೆತ್ತಗಾಗುತ್ತದೆ, ರಬ್ಬರ್ ತಾಗಿದರೆ ಎದ್ದು ಬರುತ್ತದೆ. ಬೇಕಾದಷ್ಟೇ ಹಾಳೆ ಹೊರತೆಗೆದು, ಉಳಿದದ್ದನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ.