ತಪಸ್ಸುಕಾಲದಲ್ಲಿ ಅರಳುವ ಸುರಗಿ

ಅಂಕೋಲಾ ಕಡೆಯ ನಮ್ಮ ಚರ್ಚಿನ ಪೀಠಕ್ಕೂ ದಾರಿ ಬದಿಯ ಶಿಲುಬೆಗೂ ಮಾಲೆ ಕಟ್ಟುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಪ್ಲಾಸ್ಟಿಕ್ ಹಾರ ವರ್ಷವಿಡೀ ಇರುತ್ತದೆ, ನಿಜ. ಆದರೆ ನನಗೆ ಬಾಡುವ ಹೂವೇ ಬೇಕು. ನಾಳೆ ಮತ್ತೆ ಕಟ್ಟಬೇಕಲ್ವಾ, ಆ ಖುಷಿಯನ್ನು ಯಾಕೆ ಬಿಟ್ಟುಕೊಡಲಿ?

ದಾರಕ್ಕಿಂತ ನನಗೆ ಬಾಳೆನಾರೇ ಇಷ್ಟ. ಒಣಗಿದ ಪಟ್ಟೆಯಿಂದ ಸಣ್ಣಗೆ ಸೀಳಿ, ನೀರಲ್ಲಿ ನೆನೆಸಿಟ್ಟರೆ ಮೆತ್ತಗಾಗುತ್ತದೆ. ಹೂವಿನ ತೊಟ್ಟು ಕತ್ತರಿಸುವುದಿಲ್ಲ. ಆಚೆ ಎರಡು, ಈಚೆ ಎರಡು ಇಟ್ಟು ಒಂದು ಗಂಟು. ಪ್ರತಿ ಗಂಟಿಗೂ ಒಂದು 'ನಮೋ ಮರಿಯಾ', ಅಂದರೆ ಮರಿಯಮ್ಮನ ಪ್ರಾರ್ಥನೆ ಹೇಳುತ್ತೇನೆ. ಜಪಸರದ ಐದು ದಶಕ, ಅಂದರೆ ಹತ್ತತ್ತು ಪ್ರಾರ್ಥನೆಯ ಐದು ಸುತ್ತು ಮುಗಿಯುವಾಗ ಐವತ್ತು ಗಂಟು ಬಿದ್ದಿರುತ್ತದೆ. ಮೊದಲೆಲ್ಲ ಜಪ ಮಾಡುವಾಗ ಮನಸ್ಸು ಎಲ್ಲೆಲ್ಲೋ ಹೋಗುತ್ತಿತ್ತು. ಬೆರಳಿಗೆ ಕೆಲಸ ಸಿಕ್ಕ ಮೇಲೆ ಅದು ಸುಮ್ನೆ ಕೂರುತ್ತದೆ.

ಅಬ್ಬಲಿಗೆಗೆ (ಕನಕಾಂಬರಕ್ಕೆ) ಬಣ್ಣವಿದೆ, ಪರಿಮಳವಿಲ್ಲ. ಹಾಗಾಗಿ ನಡುನಡುವೆ ಮಲ್ಲಿಗೆ ಸೇರಿಸುತ್ತೇನೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಮಾಲೆಯ ಚಿಂತೆಯೇ ಇಲ್ಲ. ಹಬ್ಬಕ್ಕೆ ಮೊದಲಿನ ಒಂಬತ್ತು ದಿನವೂ ಮಕ್ಕಳು ಬೇಲಿ, ಗದ್ದೆಯ ಬದು ಸುತ್ತಿ ತಂದ ಬಿಡಿ ಹೂವನ್ನೇ ಬಾಲ ಮರಿಯಮ್ಮನಿಗೆ ಹಾಕುತ್ತಾರೆ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಸುರಗಿ. ಅದು ಅರಳುವ ಕಾಲವೇ ವಿಚಿತ್ರ. ಪಾಸ್ಖ (ಈಸ್ಟರ್) ಹಬ್ಬಕ್ಕೆ ಮೊದಲಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಪೀಠಕ್ಕೆ ಹೂವಿಲ್ಲ. ಅದು ನಮ್ಮ ಧರ್ಮಸಭೆಯ ಕಟ್ಟಳೆ. ಹೊರಗೆ ಮಾತ್ರ ಮರದ ತುಂಬ ಸುರಗಿ! ಬೆಳಗಿನ ಗಾಳಿಯಲ್ಲಿ ಅದರದೇ ಘಮ. ಆ ಬರಿದಾದ ಪೀಠವನ್ನು ಈಗ ನಾನು ಪ್ರೀತಿಸುತ್ತೇನೆ. ಹೂವಿಗಾಗಿ ಕಾಯುವುದೂ ಪ್ರಾರ್ಥನೆಯೇ ಅಂತ ನನಗೆ ಅಲ್ಲೇ ಗೊತ್ತಾಯಿತು.

ಮಾರ್ಚ್ 19ರ ಸಂತ ಜೋಸೆಫರ ಮಹೋತ್ಸವಕ್ಕೆ ಹೂವಿಡಲು ಅವಕಾಶವಿದೆ. ಆ ದಿನ ಅವರಿಗೆ ಸುರಗಿಯೇ. ಸುವಾರ್ತೆಗಳಲ್ಲಿ ಜೋಸೆಫರು ಆಡಿದ ಒಂದು ಮಾತೂ ಇಲ್ಲ. ಅವರು ಮಾಡಿದ್ದು ಮಾತ್ರ ಇದೆ. ಸುರಗಿಯೂ ಹಾಗೇ, ಎಲೆಯ ಮರೆಯಲ್ಲಿ ಕೊಂಬೆಗೆ ಅಂಟಿಕೊಂಡೇ ಅರಳುತ್ತದೆ, ಇರುವುದು ಗೊತ್ತಾಗುವುದು ಪರಿಮಳದಿಂದ. ಬಿಸಿಲೇರುವ ಮೊದಲೇ ಮೊಗ್ಗು ಬಿಡಿಸಬೇಕು, ಇಲ್ಲದಿದ್ದರೆ ಅರಳಿಬಿಡುತ್ತದೆ. ಸಂತೆಯಲ್ಲಿ ಹೂ ಮಾರುವ, ನಮ್ಮ ಕಡೆಯ ಹಾಲಕ್ಕಿ ಸಮುದಾಯದ ಅಮ್ಮನಿಗೆ ಹಿಂದಿನ ದಿನವೇ ಹೇಳಿಡುತ್ತೇನೆ. "ನಿಮ್ಮ ದೇವರಿಗೆ ಎಷ್ಟು ಮೊಳ ಬೇಕೇ ತಂಗಿ?" ಅಂತ ಕೇಳುತ್ತಾರೆ. ಕಟ್ಟಿದ್ದು ಬೇಡ, ಬಿಡಿ ಮೊಗ್ಗೇ ಕೊಡಿ ಅನ್ನುತ್ತೇನೆ. ಯಾವಾಗಲೂ ಒಂದು ಹಿಡಿ ಜಾಸ್ತಿಯೇ ಹಾಕುತ್ತಾರೆ.

ಸೊಲೊಮೋನ ರಾಜ ಕೂಡ ಹೊಲದ ಹೂವಿನಷ್ಟು ಚೆಂದ ಉಡಲಿಲ್ಲ ಅಂತ ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದಲ್ಲಿದೆ. ಹೂವನ್ನು ಅಷ್ಟು ಗಮನಿಸಿ ನೋಡಿದವರ ಮುಂದೆ ಅವಸರದ ಮಾಲೆ ಇಡಲು ಮನಸ್ಸು ಬರುವುದಿಲ್ಲ.

ನೀವೂ ಕಲಿಯುವುದಾದರೆ ಅಬ್ಬಲಿಗೆಯಿಂದ ಶುರು ಮಾಡಿ. ಬೇಗ ಬಾಡುವುದಿಲ್ಲ, ನಿಧಾನಕ್ಕೆ ಕಟ್ಟಬಹುದು. ಕಟ್ಟಿದ್ದನ್ನು ಒದ್ದೆ ಬಾಳೆಎಲೆಯಲ್ಲಿ ಸುತ್ತಿಟ್ಟರೆ ಮರುದಿನದ ಪೂಜೆಗೂ ಚೆನ್ನಾಗಿರುತ್ತದೆ.