ಹಕ್ಕಿ ಹೆಸರಿನ ಎರರ್‌ಗಳು, ವರ್ಷಕ್ಕೊಮ್ಮೆ ಆಯ

ಹೋದ ಜನವರಿಯಲ್ಲಿ ಒಂದು ಸಂಜೆ ಕಲಬುರಗಿಯ ಕಾಳುಕಡಿ ಪೇಟೆ ಗಂಜಿನಿಂದ ಫೋನು ಬಂತು. "ತಮ್ಮಾ, ನವಿಲ ಬಂದಾದ ನೋಡು, ಹದಿನಾಲ್ಕು."

"ಪ್ರಿಂಟರ್ ವೈರು ಯಾರೋ ಕಿತ್ತು ಬ್ಯಾರೆ ಕಿಂಡಿಗೆ ಹಾಕ್ಯಾರ ಕಾಕಾ. ನಿನ್ನೆ ಎಲ್ಲಿತ್ತೋ ಅಲ್ಲೇ ಹಾಕ್ರಿ."

"ಹೂಂ, ಹುಡುಗ ಕಸ ಹೊಡೆಯುವಾಗ ಕಿತ್ತಿದ್ದ... ಆತು, ಹೊಂಟದ." ಹಿಂದಿನಿಂದ ಡಾಟ್ ಮ್ಯಾಟ್ರಿಕ್ಸಿನ ಕರಕರ ಸದ್ದು ಕೇಳಿತು. ಫೋನಿಟ್ಟು ನೋಡಿದೆ, 40 ಸೆಕೆಂಡು. ನವಿಲು ಅಂದರೆ ನಾನು ಬರೆದ ಆ್ಯಪ್‌ನಲ್ಲಿ ಪ್ರಿಂಟರ್ ಎರರ್‌ಗೆ ಇಟ್ಟ ಹೆಸರು, ಹದಿನಾಲ್ಕು ಅದರ ಕೆಳಗೆ ಬರುವ ಅಂಕಿ.

ಇದೇ ತೊಂದರೆಗೆ 2021ರಲ್ಲಿ ನನಗೆ ಕಡಿಮೆ ಅಂದರೂ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಯುಎಸ್‌ಬಿ ಕಿಂಡಿ ಬದಲಾದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಅಂತ ತಿಳಿದು 'ಕಾಪಿ 1' ಮಾಡಿಕೊಳ್ಳುತ್ತದೆ, ಹಳೆಯದು ಆಫ್‌ಲೈನ್ ಆಗಿ ಕೂರುತ್ತದೆ ಅನ್ನುವುದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಫೋನಿನಲ್ಲಿ ಅಡತ್ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆಯುವ ಮುನೀಮರಿಗೆ ಹೇಳಿ ನೋಡಿ, ಗೊತ್ತಾಗುತ್ತದೆ.

ಎರರ್‌ಗೆ ಹಕ್ಕಿ ಹೆಸರು ಇಡುತ್ತೇನೆ ಅಂದಾಗ ಬೆಂಗಳೂರಿನ ನನ್ನ ಹಳೆಯ ಟೀಮಿನ ಗೆಳೆಯ ಬಿದ್ದು ಬಿದ್ದು ನಕ್ಕಿದ್ದ. ಇದೇನು ಅಂಗನವಾಡಿಯಾ ಅಂದ. ವರ್ಷ ವರ್ಷ ದುಡ್ಡು ತಗೋತೀನಿ ಅಂದಾಗಲಂತೂ ಇಲ್ಲಿ ಕಲಬುರಗಿಯಲ್ಲೇ ಕಂಪ್ಯೂಟರ್ ಅಂಗಡಿ ಇಟ್ಟವರು, "ನಮ್ಮ ಕಡಿ ಮಂದಿ ಪೈರಸಿ ವಿಂಡೋಸ್ ಹಾಕ್ಕೊಂಡು ಕೂತಾರ, ನಿನಗೇನ್ ರೊಕ್ಕ ಕೊಡ್ತಾರ" ಅಂದಿದ್ದರು. ಈಗ ನಾಲ್ಕು ತೊಗರಿ ಹಂಗಾಮು ಮುಗಿದಿವೆ. ಹಾಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ನನ್ನವು ಮೂರು ಸಣ್ಣ ಆ್ಯಪ್‌ಗಳು, ಮೂರೂ ಡೆಸ್ಕ್‌ಟಾಪ್. ಒಂದು, ಗಂಜಿನ ಅಡತ್ ಅಂಗಡಿಗಳಿಗೆ ಮತ್ತು ದಾಲ್ ಮಿಲ್‌ಗಳಿಗೆ ಪಟ್ಟಿ, ಅಂದರೆ ರೈತರ ಮಾಲಿನ ಲೆಕ್ಕದ ಚೀಟಿ, ಹೊಡೆಯುವುದು: ಚೀಲ, ತೂಕ, ದರ, ಹಮಾಲಿ, ಕೈಗೆ ಎಷ್ಟು. ಎರಡನೆಯದು ಝೆರಾಕ್ಸ್ ಅಂಗಡಿಗಳಿಗೆ, ಪಾಸ್‌ಪೋರ್ಟ್ ಫೋಟೋ ಜೋಡಿಸಿ ಎ4 ಹಾಳೆ ಮಾಡಿಕೊಡುವುದು, ಅರ್ಜಿ ಹಾಕುವವರ ಫೋಟೋ, ಸಹಿಯನ್ನು 50 ಕೆಬಿಯೊಳಗೆ ಇಳಿಸುವುದು. ಮೂರನೆಯದು 'ನುಡಿ' ತಂತ್ರಾಂಶದಲ್ಲಿ ಹೊಡೆದ ಹಳೆಯ ಕನ್ನಡ ಕಡತವನ್ನು, ಎಲ್ಲ ಕಡೆ ಓದಲು ಬರುವ ಯುನಿಕೋಡಿಗೆ ತಿರುಗಿಸುವುದು. ಎಲ್ಲವನ್ನೂ ಪ್ಯಾಸ್ಕಲ್ ಭಾಷೆಯಲ್ಲಿ ಆ್ಯಪ್ ಕಟ್ಟುವ ಲಜಾರಸ್‌ನಲ್ಲಿ ಬರೆದಿದ್ದೇನೆ. ಪ್ಯಾಸ್ಕಲ್ಲಾ ಅಂತ ಮೂಗು ಮುರಿಯುವವರು ಮುರಿಯಲಿ. ಒಂದೇ ಇಎಕ್ಸ್‌ಇ ಕಡತ, ಮತ್ತೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ವಿಂಡೋಸ್ ಎಕ್ಸ್‌ಪಿಯಿಂದ ಹನ್ನೊಂದರವರೆಗೆ ಓಡುತ್ತದೆ. ಎಕ್ಸ್‌ಪಿ ಸತ್ತದ್ದು 2014ರಲ್ಲಿ ಅಂತ ಹೇಳಬೇಡಿ. ಗಂಜಿನ ಎರಡು ಅಂಗಡಿಗಳಲ್ಲಿ ಇನ್ನೂ ಉಸಿರಾಡುತ್ತಿದೆ.

ಮೊದಲ ವರ್ಷ ಸಹಾಯ ಅಂದರೆ ವಾಟ್ಸಾಪ್ ಫೋಟೋ. ಪರದೆಯನ್ನು ಓರೆಯಾಗಿ ಹಿಡಿದು ತೆಗೆದಿರುತ್ತಾರೆ, ನಟ್ಟನಡುವೆ ಟ್ಯೂಬ್‌ಲೈಟಿನ ಬೆಳಕು, ಮೂಲೆಯಲ್ಲಿ ಹೆಬ್ಬೆರಳು. ಎರರ್ ಡಬ್ಬಿ ಇರುವುದೇ ಇಲ್ಲ. "ಸರ, ಅದೇನೋ ಇಂಗ್ಲೀಷಿನಾಗ ಬಂದಿತ್ರಿ, ಓಕೆ ಒತ್ತಿದೆ, ಹೋಯ್ತು." ತೊಗರಿ ಆವಕ ಜೋರಾಗಿರುವ ಡಿಸೆಂಬರಿನಿಂದ ಫೆಬ್ರುವರಿವರೆಗೆ ದಿನಕ್ಕೆ 25–30 ಕರೆ. ಊಟದ ತಟ್ಟೆ ಮುಂದೆ ಇಟ್ಟುಕೊಂಡು ರೊಟ್ಟಿ ಸೆಟೆದುಹೋಗುವವರೆಗೆ ಮಾತಾಡಿದ್ದೇನೆ.

ದೂರದಿಂದ ಪರದೆ ನೋಡುವ ಆ್ಯಪ್ ಹಾಕಿಸಿದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅದು ತೆವಳುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ನಂಬಿಕೆಯದು. ಇಂಥ ಆ್ಯಪ್ ಹಾಕಿಸಿ ಯುಪಿಐ ಮೂಲಕ ಖಾತೆ ಖಾಲಿ ಮಾಡುತ್ತಾರೆ ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಆಮೇಲೆ ಬ್ಯಾಂಕಿನವರು ಎಲ್ಲರಿಗೂ ಅದನ್ನೇ ಹೇಳುತ್ತ ಬಂದರು. ಒಂದು ಅಂಗಡಿಯಲ್ಲಿ ಮಾಲೀಕರ ಮಗ ನನ್ನ ಎದುರೇ ಅದನ್ನು ಕಿತ್ತು ಹಾಕಿದ. ಅವನು ಮಾಡಿದ್ದು ಸರಿಯೇ.

ಆಗ ಹೊಳೆದದ್ದು: ಎರರ್ ಅನ್ನು ಅವರು ಬಾಯಲ್ಲಿ ಹೇಳುವಂತಿರಬೇಕು. ನಂಬರ್ ಕೊಟ್ಟು ನೋಡಿದ್ದೆ. 1047 ಅನ್ನುವುದು ಫೋನಿನಲ್ಲಿ 1470 ಆಗಿ ಬರುತ್ತದೆ. ಸರಿ, ಹೆಸರೇ ಇಡೋಣ ಅಂತ ಬೆಳೆಗಳ ಹೆಸರು ಇಟ್ಟೆ. ಪ್ರಿಂಟರಿಗೆ ಜೋಳ, ಡೇಟಾಬೇಸಿಗೆ ತೊಗರಿ, ಫಾಂಟಿಗೆ ಹೆಸರು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಮೊದಲ ದಿನವೇ ಕರೆ ಬಂತು.

"ತೊಗರಿ ಬಂದಾದರಿ."

"ಹೌದಾ, ಎಲ್ಲಾ ಮುಚ್ಚಿ ಮತ್ತ ತೆಗೀರಿ."

"ಏನ್ ಮುಚ್ಚಲಿ? ನೂರಿಪ್ಪತ್ತು ಚೀಲ ಹೊರಗ ನಿಂತಾವ, ಪಟ್ಟಿ ಹ್ಯಾಂಗ ಹೊಡೀಲಿ ಅಂತ ಕೇಳ್ಳಿಕತ್ತೀನಿ!"

ಇನ್ನೊಬ್ಬರದು ಇನ್ನೂ ಚೆಂದ. "ಏನ್ ಬಂದಾದ?" ಅಂದೆ. "ಹೆಸರು ಬಂದಾದ." "ಯಾವ ಹೆಸರು?" "ಹೆಸರೇ ಬಂದಾದೋ ಮಾರಾಯ." ಎರಡು ನಿಮಿಷ ಹಾಗೇ ತಿರುಗಿದೆವು.

ಹದಿನೈದು ದಿನದಲ್ಲಿ ಬೆಳೆ ಕಿತ್ತು ಹಕ್ಕಿ ಹಾಕಿದೆ. ಬರೀ ಹೆಸರು ಸಾಲದು, ಚಿತ್ರವೂ ಬೇಕು ಅಂತ ಅನಿಸಿದ್ದು ಝೆರಾಕ್ಸ್ ಅಂಗಡಿಗಳಿಂದ. ನಮ್ಮ ಕಡೆ ಒಂದೇ ಓಣಿಯಲ್ಲಿ ಕನ್ನಡ, ದಖನಿ ಉರ್ದು ಎರಡೂ ಅದ. ಸೇಡಂ, ಚಿಂಚೋಳಿ ಕಡೆಯಿಂದ ತೆಲುಗು, ಆಳಂದ ಕಡೆಯಿಂದ ಮರಾಠಿ. ಡಬ್ಬಿಯ ತುಂಬ ಹಕ್ಕಿಯ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ಎರಡಂಕಿ. ಯಾವ ಭಾಷೆಯವರಾದರೂ ತಮ್ಮ ಹೆಸರಿನಿಂದ ಕರೆಯಲಿ. "ಭಾಯಿ, ಮೋರ್ ಆಯಾ" ಅಂದರೂ ನವಿಲೇ. ಓಕೆ ಬಟನ್ನು ಐದು ಸೆಕೆಂಡು ಒತ್ತಲು ಬಾರದಂತೆ ಮಾಡಿದ್ದೇನೆ. ನೋಡಲಿ ಅಂತ.

ಇಲ್ಲೂ ಎಡವಿದೆ. ಗಡಿಯಾರದ ತೊಂದರೆಗೆ ಗೂಗಿ (ಗೂಬೆ) ಇಟ್ಟಿದ್ದೆ. ರಾತ್ರಿ, ಹೊತ್ತು ಅಂತೆಲ್ಲ ನನ್ನ ತಲೆಯಲ್ಲಿ ಏನೋ ಲೆಕ್ಕ. ಮರುದಿನ ಮುಂಜಾನೆ ಒಬ್ಬ ಹಿರಿಯರು ಫೋನಿನಲ್ಲಿ ನನ್ನ ಚರ್ಮ ಸುಲಿದರು. "ದೀಪ ಹಚ್ಚಿ, ಕಾಯಿ ಒಡೆದು ಕಂಪ್ಯೂಟರ್ ಚಾಲೂ ಮಾಡಿದ್ರ ಗೂಗಿ ಮಾರಿ ತೋರಸ್ತೀಯಲ್ಲೋ! ಇವತ್ತಿನ ಬೋಣಿಗೆ ಏನಾಗಬೇಕು?" ಅವತ್ತೇ ಗೂಗಿ ತೆಗೆದೆ, ಹೇಳುವ ಮೊದಲೇ ಕಾಗೆ, ಹದ್ದು ಎರಡನ್ನೂ ತೆಗೆದೆ. ಗಡಿಯಾರಕ್ಕೆ ಈಗ ಹುಂಜ. ಮೊದಲೇ ಹೊಳೆಯಬೇಕಿತ್ತು.

ಹುಂಜದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಹಳೆ ಕಂಪ್ಯೂಟರುಗಳಲ್ಲಿ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಸತ್ತಿರುತ್ತದೆ. ಕರೆಂಟು ಹೋಗಿ ಬಂದರೆ ತಾರೀಖು ಹತ್ತು ಹದಿನೈದು ವರ್ಷ ಹಿಂದೆ. ರೈತನ ಪಟ್ಟಿಯ ಮೇಲೆ 01-01-2009 ಅಂತ ಅಚ್ಚಾಗಿ, ಅದನ್ನು ಅವನು ಸಾಲದ ಕಾಗದದ ಜತೆ ಬ್ಯಾಂಕಿಗೆ ಕೊಟ್ಟು ದೊಡ್ಡ ರಗಳೆ ಆಗಿತ್ತು. ಈಗ ಕೊನೆಯ ಪಟ್ಟಿಯ ತಾರೀಖಿಗಿಂತ ಗಡಿಯಾರ ಹಿಂದಿದ್ದರೆ ಹುಂಜ ಕೂಗುತ್ತದೆ, ಪಟ್ಟಿ ಹೊಡೆಯುವುದಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಯಾವಾಗಲೂ ಹತ್ತು ಸಿಆರ್2032 ಬ್ಯಾಟರಿ ಇರುತ್ತವೆ. ನನಗೆ ಒಂದಕ್ಕೆ ಇಪ್ಪತ್ತು ರೂಪಾಯಿ ಆಜುಬಾಜು, ಹಾಕಿಕೊಟ್ಟರೆ ಐವತ್ತು. ಸಾಫ್ಟ್‌ವೇರಿಗಿಂತ ಇದರಲ್ಲೇ ಲಾಭ ಹೆಚ್ಚು ಅಂತ ಮನೆಯಾಕೆ ಚೇಷ್ಟೆ ಮಾಡುತ್ತಾಳೆ.

ಆ ಎರಡಂಕಿಯಲ್ಲಿ ಏನೇನು ತುಂಬಿದ್ದೇನೆ ಅಂತ ಕೇಳಬೇಡಿ. ವಿಂಡೋಸಿನ ಆವೃತ್ತಿ, ಡಿಸ್ಕಿನಲ್ಲಿ ಜಾಗ ಇದೆಯೋ ಇಲ್ಲವೋ, ಕೊನೆಯ ಬ್ಯಾಕಪ್ ಯಾವಾಗ, ಇವೆಲ್ಲ ಸ್ವಲ್ಪ ಸ್ವಲ್ಪ ಅದರೊಳಗೆ ಇವೆ. ನೂರೇ ಮನೆಯೊಳಗೆ ಹೇಗೆ ಕೂರಿಸಿದೆ ಅನ್ನುವುದು ನನ್ನ ಹೊಟ್ಟೆಪಾಡಿನ ಗುಟ್ಟು.

ಈಗ ಸೋತ ಕತೆ. 2022ರ ಜನವರಿ, ಸಂಕ್ರಾಂತಿ ಆಗಿ ನಾಲ್ಕೈದು ದಿನ. ದೊಡ್ಡ ಅಡತ್ ಅಂಗಡಿಯೊಂದು ಎರಡನೇ ಕಂಪ್ಯೂಟರ್ ತಗೊಂಡಿತ್ತು. ಎರಡರಲ್ಲೂ ಪಟ್ಟಿ ಹೊಡೆಯಬೇಕು ಅಂದರು. ನಾನು ಡೇಟಾಬೇಸ್ ಕಡತವನ್ನು ಶೇರ್ಡ್ ಫೋಲ್ಡರಿನಲ್ಲಿ ಇಟ್ಟೆ. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್, ಎಲ್ಲ ಒಂದೇ ಕಡತದಲ್ಲಿ. ಮೇಲಾಗಿ, ವೇಗ ಬರಲಿ ಅಂತ ಅದರ ಡಬ್ಲ್ಯುಎಎಲ್ ಮೋಡ್ (ಬದಲಾವಣೆಯನ್ನು ಮೊದಲು ಪಕ್ಕದ ಕಡತಕ್ಕೆ ಬರೆಯುವ ರೀತಿ) ಹಾಕಿದ್ದೆ. ಓದುತ್ತಿರುವ ಅರ್ಧ ಜನ ಈಗಲೇ ತಲೆ ಹಿಡಿದುಕೊಂಡಿರುತ್ತೀರಿ. ಆ ಮೋಡ್ ನೆಟ್‌ವರ್ಕ್ ಡಿಸ್ಕಿನ ಮೇಲೆ ನಡೆಯುವುದಿಲ್ಲ ಅಂತ ಅವರ ದಾಖಲೆಯಲ್ಲೇ ಸ್ಪಷ್ಟವಾಗಿ ಬರೆದಿದೆ. ನಾನು ಓದಿಯೂ ಇದ್ದೆ. ಎರಡು ದಿನ ಚೆನ್ನಾಗಿ ನಡೆದಾಗ, ದಾಖಲೆಯವರು ಹೆದರಿಸಲಿಕ್ಕೆ ಬರೆದಿರಬೇಕು ಅಂದುಕೊಂಡೆ.

ಒಂಬತ್ತನೇ ದಿನ ಮಧ್ಯಾಹ್ನ ಎರಡೂ ಕಂಪ್ಯೂಟರ್ ಒಟ್ಟಿಗೆ ನಿಂತವು. ಕಡತ ಕೆಟ್ಟಿತ್ತು. ಬ್ಯಾಕಪ್ ಪೆನ್‌ಡ್ರೈವ್ ಎಲ್ಲಿ ಅಂದರೆ, ಅದರಲ್ಲಿ ಮುನೀಮರ ಮಗಳ ಮದುವೆ ಫೋಟೋ ತುಂಬಿದ್ದವು. ಒಂಬತ್ತು ದಿನದ ಪಟ್ಟಿ, ಸುಮಾರು ಸಾವಿರದ ನೂರು. ಪುಣ್ಯಕ್ಕೆ ಡಾಟ್ ಮ್ಯಾಟ್ರಿಕ್ಸ್; ಕಾರ್ಬನ್ ಪ್ರತಿ ಇತ್ತು. ನಾನು, ನನ್ನ ಮೈದುನ ಇಬ್ಬರೂ ಎರಡು ರಾತ್ರಿ ಅಂಗಡಿಯ ಗಾದಿಯ ಮೇಲೆ ಕೂತು ಎಲ್ಲ ಮತ್ತೆ ಹೊಡೆದೆವು. ತೊಗರಿ ಧೂಳಿಗೆ ಮೈದುನನಿಗೆ ವಾರವಿಡೀ ಕೆಮ್ಮು. ಮಾಲೀಕರಿಗೆ ಅವರು ಕೊಟ್ಟಿದ್ದ 1,500 ರೂಪಾಯಿ ವಾಪಸು ಕೊಡಲು ಹೋದೆ. ತಗೊಂಡರು. "ರೊಕ್ಕದ ಮಾತಲ್ಲಪ್ಪಾ, ರೈತರ ಮುಂದ ಮಾರಿ ಹ್ಯಾಂಗ ತೋರಿಸ್ಲಿ" ಅಂದರು. ಅದೇ ಹೆಚ್ಚು ಚುಚ್ಚಿತು.

ಈಗ ಒಂದು ಕಂಪ್ಯೂಟರ್ ಮಾತ್ರ ಕಡತ ತೆಗೆಯುತ್ತದೆ, ಇನ್ನೊಂದು ಬೇಕಾದ್ದನ್ನು ನೆಟ್‌ವರ್ಕ್ ಮೂಲಕ ಅದರಿಂದ ಕೇಳಿಕೊಳ್ಳುತ್ತದೆ. ಅಂಗಡಿ ಮುಚ್ಚುವಾಗ ಎಸ್‌ಕ್ಯೂಲೈಟಿನದೇ ಬ್ಯಾಕಪ್ ಸೌಲಭ್ಯದಿಂದ ತಾರೀಖು ಹಾಕಿದ ಪ್ರತಿ ಪೆನ್‌ಡ್ರೈವಿಗೆ ಹೋಗುತ್ತದೆ. ಪೆನ್‌ಡ್ರೈವ್ ಇಲ್ಲದಿದ್ದರೆ ಪಾರಿವಾಳ ಬರುತ್ತದೆ, ಆ್ಯಪ್ ಮುಚ್ಚುವುದೇ ಇಲ್ಲ. ಜಗಳಾಡುತ್ತಾರೆ. ಆಡಲಿ. ಆ ಅಂಗಡಿಯವರು ಮುಂದಿನ ವರ್ಷ ತಾವಾಗಿಯೇ ಮತ್ತೆ ಬಂದರು ಅನ್ನುವುದನ್ನು ಹೇಳದೆ ಇರಲಾರೆ.

ರೊಕ್ಕದ ವಿಷಯ. ಮೊದಲು ಒಂದೇ ಸಲ 1,500 ಅಂತ ಮಾರಿದೆ. ಮೊದಲ ವರ್ಷ 60 ಪ್ರತಿ, ತೊಂಬತ್ತು ಸಾವಿರ ನೋಡಿ ಹಿಗ್ಗಿದೆ. ಎರಡನೇ ವರ್ಷ ಹೊಸದು ಹತ್ತು ಹನ್ನೆರಡು, ಕರೆ ಮಾತ್ರ ಮೂರು ಪಟ್ಟು. ಒಂದು ರಾತ್ರಿ ಕೂತು ಗಂಟೆಯ ಲೆಕ್ಕ ಹಾಕಿದೆ. ಇಪ್ಪತ್ತು ರೂಪಾಯಿಯೂ ಬೀಳಲಿಲ್ಲ. ನನ್ನ ಪಟ್ಟಿಯಲ್ಲಿ ಯಾರ ಹಮಾಲಿ ಅಚ್ಚಾಗುತ್ತಿತ್ತೋ ಆ ಹಮಾಲರು ನನಗಿಂತ ಹೆಚ್ಚು ದುಡಿಯುತ್ತಿದ್ದರು.

ನಮ್ಮದು ಜೇವರ್ಗಿ ತಾಲ್ಲೂಕಿನ ಬಡಿಗೇರ ಮನೆತನ. ನಮ್ಮ ಮುತ್ಯಾ (ಅಜ್ಜ) ವರ್ಷವಿಡೀ ಕೂರಿಗೆ, ಕುಂಟೆ ರಿಪೇರಿ ಮಾಡಿಕೊಡುತ್ತಿದ್ದ, ಆಗ ಒಂದು ಪೈಸೆ ಕೇಳುತ್ತಿರಲಿಲ್ಲ. ರಾಶಿಯಾದ ಮೇಲೆ ಕಣಕ್ಕೆ ಹೋಗಿ ಆಯ ತರುತ್ತಿದ್ದ, ಇಷ್ಟು ಕೂರಿಗೆಗೆ ಇಷ್ಟು ಜೋಳ ಅಂತ. ನಾನು ಅದನ್ನೇ ಹಿಡಿದೆ. ಆ್ಯಪ್ ಪುಕ್ಕಟೆ. ಸಹಾಯಕ್ಕೆ ವರ್ಷಕ್ಕೊಮ್ಮೆ ಆಯ: ಗಂಜು, ಮಿಲ್‌ನವರಿಗೆ 900, ಝೆರಾಕ್ಸಿನವರಿಗೆ 300. ವಸೂಲಿ ಫೆಬ್ರುವರಿಯಲ್ಲಿ, ಕೈಯಲ್ಲಿ ರೊಕ್ಕ ಆಡುವಾಗ. 'ಸಬ್‌ಸ್ಕ್ರಿಪ್ಷನ್' ಅಂದಾಗ ಮುಖ ಕಿವುಚಿದವರು 'ಆಯ' ಅಂದಾಗ ನಕ್ಕು ಗಲ್ಲಾ ತೆಗೆದರು. ಕೊಡದವರ ಆ್ಯಪ್ ನಿಲ್ಲಿಸುವುದಿಲ್ಲ. ಅವರಿಗೂ ಹಕ್ಕಿ ಬರುತ್ತದೆ, ಎರಡಂಕಿ ಮಾತ್ರ ಬರುವುದಿಲ್ಲ. ಇದು ಸ್ವಲ್ಪ ಕಿಡಿಗೇಡಿತನ, ಒಪ್ಪುತ್ತೇನೆ.

ಮೊದಲ ಸಲ 70ರಲ್ಲಿ ಮೂವತ್ತು ಚಿಲ್ಲರೆ ಅಂಗಡಿ ಕೊಟ್ಟವು. ಈಗ ಗಂಜು, ಮಿಲ್ ಸೇರಿ 160ರಲ್ಲಿ 130ರಷ್ಟು, ಝೆರಾಕ್ಸ್ ಇನ್ನೂರು ಚಿಲ್ಲರೆ. ಹತ್ತಿರ ಹತ್ತಿರ ಒಂದು ಲಕ್ಷ ಎಂಬತ್ತು ಸಾವಿರ. ಅಲ್ಲಿ ಇಲ್ಲಿ ಬೇರೆ ಮಾಡಿಕೊಡುವ ಕೆಲಸದಿಂದ ಇನ್ನೊಂದು ಲಕ್ಷ. ಬೆಂಗಳೂರಿನ ಸಂಬಳದ ಮುಂದೆ ಇದೇನೂ ಅಲ್ಲ. ಆದರೆ ಮನೆ ಸ್ವಂತದ್ದು, ಮಿಲ್‌ನವರೊಬ್ಬರು ಆಯದ ಜತೆಗೆ ಹತ್ತು ಕಿಲೋ ಬ್ಯಾಳಿ ಕಳಿಸುತ್ತಾರೆ, ಹಂಗಾಮಿನಲ್ಲೂ ದಿನಕ್ಕೆ ಕರೆ ಐದಾರೇ.

ಖರ್ಚಿನ ಒಂದು ಪಾಠ. ಇಎಕ್ಸ್‌ಇ ದೊಡ್ಡದಾಯಿತು ಅಂತ ಯುಪಿಎಕ್ಸ್ ಅನ್ನುವ ಸಲಕರಣೆ ಹಾಕಿ ಕುಗ್ಗಿಸುತ್ತಿದ್ದೆ. ಒಂದು ಆ್ಯಂಟಿವೈರಸ್ ಅದನ್ನು ವೈರಸ್ ಅಂತ ಹಿಡಿದು ಒಂದೇ ಮುಂಜಾನೆ ಹದಿನೈದು ಅಂಗಡಿಗಳಲ್ಲಿ ಅಳಿಸಿತು. ಯುಪಿಎಕ್ಸ್ ಬಿಟ್ಟು, ತಪ್ಪು ಹುಡುಕಲು ನನಗಷ್ಟೇ ಬೇಕಾದ ಡೀಬಗ್ ಮಾಹಿತಿ ಮಾತ್ರ ತೆಗೆದು ಕಳಿಸಿದೆ. ಕಾಟ ಬಹುತೇಕ ನಿಂತಿತು. ಆ್ಯಪ್ ಯಾರದು ಅಂತ ವಿಂಡೋಸಿಗೆ ತೋರಿಸುವ ಡಿಜಿಟಲ್ ಸಹಿಯ ಸರ್ಟಿಫಿಕೇಟಿಗೆ ಇನ್ನೂ ಕೈ ಹಾಕಿಲ್ಲ. 2023ರ ಜೂನಿನಿಂದ ಅದರ ಕೀಲಿಯನ್ನು ಹಾರ್ಡ್‌ವೇರ್ ಟೋಕನ್‌ನಂಥದ್ದರಲ್ಲೇ ಇಡಬೇಕು ಅಂತಾದ ಮೇಲೆ, ನನ್ನ ಇಪ್ಪತ್ತೈದು ಮೂವತ್ತು ಅಂಗಡಿಗಳ ಆಯ ಅದಕ್ಕೇ ಹೋಗುತ್ತದೆ. ಸದ್ಯಕ್ಕೆ ನಾನೇ ಪೆನ್‌ಡ್ರೈವಿನಲ್ಲಿ ಒಯ್ದು ಹಾಕಿಬರುತ್ತೇನೆ.

ನುಡಿ ಪರಿವರ್ತಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಕಾವತ್ತು ನುಡಿಯಲ್ಲಿ ಅಕ್ಷರ ಆದ ಮೇಲೆ ಬರುತ್ತದೆ, ಯುನಿಕೋಡಿನಲ್ಲಿ 'ರ್' ಮೊದಲು ಬರಬೇಕು. ನಡುವೆ ಒತ್ತು, ಗುಣಿತ ಎಲ್ಲ ದಾಟಿಸಿ ಹಿಂದಕ್ಕೆ ಒಯ್ಯುವುದರಲ್ಲಿ ಒಂದು ಬೇಸಿಗೆ ಹೋಯಿತು. 'ಸೂರ್ಯ' ಸರಿ ಬಂದರೆ 'ರ‍್ಯಾಂಕ್' ಕೆಡುತ್ತಿತ್ತು. ಅದಕ್ಕೆ ಆಯ ಕೇಳುವುದಿಲ್ಲ. ಬಳಸುವವರೆಲ್ಲ ತಾಲ್ಲೂಕು ಕಚೇರಿಯ ಗುಮಾಸ್ತರು, ಡಿಟಿಪಿ ಹುಡುಗರು. ಅವರ ಬಾಯಿ ಮಾತಿನಿಂದಲೇ ಝೆರಾಕ್ಸ್ ಅಂಗಡಿಗಳು ಸಿಕ್ಕವು.

ಈ ವರ್ಷ ಹಕ್ಕಿಗಳಿಗೆ ದನಿ ಕೊಡಲು ಹೋದೆ. ಮುನೀಮರು ಪರದೆ ನೋಡದಿದ್ದರೂ ಕೇಳಲಿ ಅಂತ, ಕಾಗದ ಮುಗಿದರೆ ಗುಬ್ಬಿ ಚಿಂವ್‌ಗುಟ್ಟುವಂತೆ ಮಾಡಿದೆ. ಗಂಜಿನಲ್ಲಿ ಕಾಳು ಚೆಲ್ಲಿದ ಕಡೆಯೆಲ್ಲ ಗುಬ್ಬಿಗಳು ಇರುತ್ತವೆ ಅನ್ನುವುದು ನೆನಪಾಗಲಿಲ್ಲ. ಒಂದು ಅಂಗಡಿಯ ಹುಡುಗ ಅರ್ಧ ದಿನ ಕಟ್ಟಿಗೆ ಹಿಡಿದು ಕಂಪ್ಯೂಟರಿನ ಹಿಂದೆ ಗುಬ್ಬಿ ಹುಡುಕಿದ್ದಾನೆ. ದನಿ ತೆಗೆದು ಹೊಸ ಆವೃತ್ತಿ ಹಾಕಲು ನಾಳೆ ಹೋಗಬೇಕು.